ಅಣಶಿ ಏರಿಗೆ ಎಷ್ಟು ಹಲ್ಲು?

ಕೋಡಿಬಾಗ, ಕಾರವಾರ
18 ಸೆಪ್ಟೆಂಬರ್ 2023

ಜಟ್ಟಪ್ಪ ಮೇಸ್ತ್ರಿಯವರಿಗೆ,

ನಮಸ್ಕಾರ. ನನ್ನ ಪರಿಚಯ ನಿಮಗಿಲ್ಲ. ನಾನು ರಂಜನಾ ಕೊಳಂಬಕರ, ಇಲ್ಲಿಯ ಭೂಮಾಪನ ಕಚೇರಿಯಲ್ಲಿ ಸರ್ವೆಯರ್. ನನ್ನ ತಮ್ಮ ಅಮಿತ ನಿಮಗೆ ಗೊತ್ತು. ಅರ್ಗಾದ ನೌಕಾನೆಲೆಯ ವರ್ಕ್‌ಶಾಪಿನವನು, ನೀಲಿ ಬಣ್ಣದ ರೋಡ್ ಸೈಕಲ್ಲಿನವನು. ಆರು ವರ್ಷದ ಹಿಂದೆ ಆ ಸೈಕಲ್ಲನ್ನು ಜೋಡಿಸಿ ಕೊಟ್ಟವರು ನೀವು. ಸೀಟಿನ ಕೆಳಗಿನ ಕೊಳವೆಗೆ ನಿಮ್ಮ ಅಂಗಡಿಯ ಚೀಟಿ ಇನ್ನೂ ಅಂಟಿಕೊಂಡಿದೆ. ಕಿವಿ ಕೇಳುವುದಿಲ್ಲ, ಫೋನ್ ಮಾಡಬೇಡಿ, ಬರೆದು ತಿಳಿಸಿ ಎಂದು ಅದರಲ್ಲಿದೆ. ಅದಕ್ಕೇ ಈ ಕಾಗದ.

ವಿಷಯ ಇಷ್ಟು. ಕಾರವಾರದ ಹತ್ತು ಹನ್ನೆರಡು ಜನ ಬರುವ ಜನವರಿಯಲ್ಲಿ ಸೈಕಲ್ ಮೇಲೆ ಕದ್ರಾ ದಾಟಿ ಅಣಶಿ ಘಾಟು ಹತ್ತಲಿದ್ದಾರೆ. ಪಟ್ಟಿಯಲ್ಲಿ ಅಮಿತನ ಹೆಸರಿದೆ. ಆದರೆ ಈ ಸೈಕಲ್ಲಿನ ಗೇರು ಆ ಏರಿಗೆ ತೀರ ಭಾರ. ನಾನು ಕೂತು ಹಲ್ಲು ಎಣಿಸಿದೆ. ಮುಂದೆ ಪೆಡಲಿನ ಹತ್ತಿರದ ಎರಡು ಚಕ್ರಗಳಿಗೆ 53 ಮತ್ತು 39. ಹಿಂದೆ ಅತಿ ಚಿಕ್ಕದಕ್ಕೆ 11, ಅತಿ ದೊಡ್ಡದಕ್ಕೆ 25. ಇದನ್ನು ಹಗುರ ಮಾಡಲು ಬರುತ್ತದೆಯೇ? ಹಿಂದಿನದನ್ನು ಮಾತ್ರ ಬದಲಿಸಿದರೆ ಸಾಕೇ, ಮುಂದಿನದೂ ಬೇಕೇ?

ಜತೆಗೆ ಘಾಟಿನ ಏರಿಳಿತದ ನಕ್ಷೆಯನ್ನು ಬರೆದು ಇಟ್ಟಿದ್ದೇನೆ. ಒಟ್ಟು ಹನ್ನೊಂದು ಕಿಲೋಮೀಟರು. ಸರಾಸರಿ ನೂರು ಮೀಟರಿಗೆ ಐದು ಮೀಟರು ಏರು. ಮೂರನೇ ತಿರುವಿನಿಂದ ಆರನೆಯದರವರೆಗೆ ಎಂಟು, ಒಂದು ಕಡೆ ಒಂಬತ್ತೂವರೆ.

ಅಮಿತನಿಗೆ ಅಂಕೋಲೆಗೆ ಬರಲಾಗುತ್ತಿಲ್ಲ. ಹಾಗಾಗಿ ನಾನೇ ಬರೆಯುತ್ತಿದ್ದೇನೆ.

ಇಂತಿ,
ರಂಜನಾ ಕೊಳಂಬಕರ


ಅಂಕೋಲಾ
25 ಸೆಪ್ಟೆಂಬರ್ 2023

ರಂಜನಾ ಬಾಯಿಯವರಿಗೆ ಜಟ್ಟಪ್ಪ ಹರಿಕಂತ್ರ ಮಾಡುವ ನಮಸ್ಕಾರ.

ನಕ್ಷೆ ನೋಡಿ ಖುಷಿಯಾಯಿತು. ಮೂವತ್ತೈದು ವರ್ಷದಿಂದ ಗಿರಾಕಿಗಳು ನನಗೆ ಘಾಟು ತೋರಿಸುವುದೆಂದರೆ ಅಂಗೈಯನ್ನು ಓರೆಯಾಗಿ ಎತ್ತಿ ಹಿಡಿಯುವುದು. ದಣಿದವನ ಅಂಗೈಯಲ್ಲಿ ಎಲ್ಲ ಘಾಟೂ ಗೋಡೆಯೇ. ನೀವು ಮೀಟರಿನಲ್ಲಿ ಬರೆದಿದ್ದೀರಿ. ಅಂಗಡಿಯ ಗೋಡೆಗೆ ಅಂಟಿಸಿದ್ದೇನೆ.

ನಿಮ್ಮ ತಮ್ಮನಿಗೆ ಒಂದು ಮಾತು ಹೇಳಿ. ಮುಖ ತೋರಿಸದೆ ಒಂದು ವರ್ಷವಾಯಿತು. ಸಿಟ್ಟು ಮಾಡಿಕೊಂಡು ಬೇರೆ ಅಂಗಡಿ ಹಿಡಿದ ಅಂದುಕೊಂಡಿದ್ದೆ. ಈಗ ನೋಡಿದರೆ ಅಕ್ಕನ ಕೈಲಿ ಕಾಗದ ಬರೆಸುತ್ತಾನೆ, ಭಾರೀ ಸಾಹೇಬ! ಸೈಕಲ್ ಜೋಡಿಸುವಾಗ ನಾನೇ ಹೇಳಿದ್ದೆ, ನಮ್ಮದು ಏರಿಳಿತದ ಸೀಮೆ, ಮುಂದೆ ಸ್ವಲ್ಪ ಚಿಕ್ಕದು ಹಾಕುವಾ ಅಂತ. ನನ್ನ ಹತ್ತಿರ ಗಿರಾಕಿಗಳು ಮಾತಾಡಲು ಒಂದು ನೋಟುಪುಸ್ತಕ ಇದೆ. ಅದರಲ್ಲಿ ಅರ್ಧ ಪುಟಕ್ಕೆ ದೊಡ್ಡಕ್ಷರದಲ್ಲಿ ಬರೆದ, ‘ಮುದುಕರ ಗೇರು ಬೇಡ!’ ಆಮೇಲೆಯೂ ಈ ಮಾತು ನಮ್ಮಿಬ್ಬರಲ್ಲಿ ಒಮ್ಮೆ ಬಂದು ಮುಗಿದಿದೆ. ಅವನಿಗೆ ನೆನಪಿರಬೇಕು.

ನೀವು ಕೇಳಿದ್ದಕ್ಕೆ ಹೇಳುತ್ತೇನೆ. ಮುಂದೆ 39, ಹಿಂದೆ 25 ಹಾಕಿದಾಗ ಪೆಡಲು ಒಂದು ಸುತ್ತು ಬಂದರೆ ಚಕ್ರ ಒಂದೂವರೆ ಸುತ್ತಿಗಿಂತ ಚೂರು ಹೆಚ್ಚು ತಿರುಗುತ್ತದೆ. ಅಂದರೆ ಪ್ರತಿ ತುಳಿತಕ್ಕೆ ಮೂರು ಮೀಟರಿಗೂ ಹೆಚ್ಚು ದೂರ ಮೈಭಾರವನ್ನು ಎಳೆದು ಒಯ್ಯಬೇಕು. ಸಪಾಟು ರಸ್ತೆಯಲ್ಲಿ ಏನೂ ಅನಿಸುವುದಿಲ್ಲ. ನೂರಕ್ಕೆ ಎಂಟು ಏರಿನಲ್ಲಿ ನಿಮಿಷಕ್ಕೆ ಮೂವತ್ತು ಸಲವೂ ತುಳಿಯಲಾಗದೆ ಸೈಕಲ್ಲು ಅಡ್ಡಡ್ಡ ಹೋಗುತ್ತದೆ. ಮುಂದೆ 34, ಹಿಂದೆಯೂ 34 ಇದ್ದರೆ ಒಂದಕ್ಕೆ ಒಂದು. ತುಳಿತಕ್ಕೆ ಎರಡು ಮೀಟರು. ಉಸಿರು ನಮ್ಮ ಕೈಯಲ್ಲಿರುತ್ತದೆ.

ಆದರೆ ಅಮಿತನ ಕಾಲಿಗೆ ಅದು ಬೇಡ. ಮೂವತ್ತಮೂರು ವರ್ಷದವನು, ದಿನಾ ಅರ್ಗಾದ ಏರು ಹತ್ತಿ ಕೆಲಸಕ್ಕೆ ಹೋಗುವವನು. ಹಿಂದೆ 28ರದ್ದು ಹಾಕಿಕೊಡುತ್ತೇನೆ, ಅಷ್ಟು ಸಾಕು. ಆ ಸೋಮಾರಿಯನ್ನು ಖುದ್ದಾಗಿ ಕಳಿಸಿ. ಎರಡು ಮಾತು ಬಯ್ಯಬೇಕಾಗಿದೆ.

ಜಟ್ಟಪ್ಪ


ಕೋಡಿಬಾಗ
3 ಅಕ್ಟೋಬರ್ 2023

ಜಟ್ಟಪ್ಪ ಮೇಸ್ತ್ರಿಯವರಿಗೆ,

ನಿಮ್ಮ ಕಾಗದವನ್ನು ನಾಲ್ಕು ಸಲ ಓದಿದೆ. ಅಮಿತನನ್ನು ಬಯ್ದ ಭಾಗವನ್ನು ತಾಯಿಗೂ ಓದಿ ಹೇಳಿದೆ. ‘ಭಾರೀ ಸಾಹೇಬ’ ಅಂದಲ್ಲಿ ಆಯಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಅವನ ಬಗ್ಗೆ ನಿಮಗೆ ಇನ್ನೇನಾದರೂ ನೆನಪಿದ್ದರೆ ಬರೆಯಿರಿ. ಬಯ್ಗುಳವಾದರೂ ಅಡ್ಡಿಯಿಲ್ಲ.

28 ಸಾಲುವುದಿಲ್ಲ ಅನಿಸುತ್ತದೆ. ಎಡ ಮೊಣಕಾಲಿಗೆ ಪೆಟ್ಟಾಗಿದೆ. ಚಿಪ್ಪು ಒಡೆದು, ತಂತಿ ಹಾಕಿ ಕೂಡಿಸಿದ್ದಾರೆ. ನಡೆದರೆ ನೋವಿಲ್ಲ. ಭಾರ ಹಾಕಿ ತುಳಿದರೆ ಚಿಪ್ಪಿನ ಕೆಳಗೆ ಚುಚ್ಚಿದ ಹಾಗೆ ಆಗುತ್ತದೆ. ಸೈಕಲ್ಲು ಹೊಡೆಯಬಹುದು, ಆದರೆ ಹಗುರವಾಗಿ ಎಂದು ಡಾಕ್ಟರು ಹೇಳಿದ್ದಾರೆ. ತೂಕ 58 ಕಿಲೋ. ಸೀಟನ್ನೂ ಮೂರು ಬೆರಳು ಇಳಿಸಬೇಕು. ಅದನ್ನು ನಾನೇ ಇಳಿಸಬಹುದೇ, ಸೀಟಿನ ಕೊಳವೆಯ ಮೇಲಿನ ಗುರುತು ಒಳಗೆ ಹೋದರೆ ತೊಂದರೆಯಿಲ್ಲವೇ?

ಇನ್ನೊಂದು ಪ್ರಶ್ನೆ. ಹಿಂದೆ 34 ಹಾಕಿದರೆ ಒಂದು ಗೇರಿಗೂ ಮುಂದಿನ ಗೇರಿಗೂ ಅಂತರ ಹೆಚ್ಚಾಗಿ, ಸಪಾಟು ರಸ್ತೆಯಲ್ಲಿ ಕಾಲಿಗೆ ಸರಿಯಾದದ್ದು ಸಿಗುವುದಿಲ್ಲ ಎಂದು ಇಲ್ಲಿ ಒಬ್ಬರು ಹೇಳಿದರು. ನಿಜವೇ?

ರಂಜನಾ


ಅಂಕೋಲಾ
10 ಅಕ್ಟೋಬರ್ 2023

ರಂಜನಾ ಬಾಯಿಯವರಿಗೆ,

ಕಿವಿ ಹೋದ ಮೇಲೆ ನನ್ನ ಕಣ್ಣು ಚುರುಕಾಗಿದೆ. ನನ್ನ ಪುಸ್ತಕದಲ್ಲಿ ಅಮಿತನ ತೂಕ 74. ನಿಮ್ಮ ಕಾಗದದಲ್ಲಿ 58. ಸೊರಗಿದ ಅನ್ನೋಣ. ಆದರೆ ಸೀಟು ಮೂರು ಬೆರಳು ಇಳಿಸಬೇಕು ಅನ್ನುತ್ತೀರಿ. ಮೂವತ್ತಮೂರನೇ ವಯಸ್ಸಿಗೆ ಯಾರ ಕಾಲೂ ಗಿಡ್ಡ ಆಗುವುದಿಲ್ಲ, ಬಾಯಿ.

ಘಾಟು ಹತ್ತುವವರು ನೀವು. ಮೊಣಕಾಲೂ ನಿಮ್ಮದು. ತಮ್ಮನಿಗೆ ಗೊತ್ತಿಲ್ಲದ ಹಾಗೆ ಅವನ ಸೈಕಲ್ಲು ಹೊರಗೆ ತೆಗೆಯುತ್ತಿದ್ದೀರಿ, ಅಲ್ಲವೇ? ಅದಕ್ಕೇ ಅವನನ್ನು ಇಲ್ಲಿಗೆ ಕಳಿಸುತ್ತಿಲ್ಲ. ನನಗೆ ನಗು ಬಂತು. ನನ್ನ ಮಗಳು ಪ್ರೀತಿ ಕೂಡ ಚಿಕ್ಕವಳಿದ್ದಾಗ ಅಂಗಡಿಗೆ ಬಂದ ಗಿರಾಕಿಗಳ ಸೈಕಲ್ಲನ್ನೆಲ್ಲ ಒಂದೊಂದು ಸುತ್ತು ಹೊಡೆದು ತಂದಿಡುತ್ತಿದ್ದಳು. ಹೆದರಬೇಡಿ, ನಾನು ಅಮಿತನಿಗೆ ಹೇಳುವುದಿಲ್ಲ. ಆದರೆ ಗೇರು ಬದಲಿಸುವ ಮೊದಲು ನೀವೇ ಹೇಳಿಬಿಡಿ. ಅವನ ಸೈಕಲ್ಲು ಅವನ ಹಲ್ಲು ಇದ್ದ ಹಾಗೆ. ಕೇಳದೆ ಕೀಳಬಾರದು.

ನಿಮ್ಮ ಕಾಲಿಗಾದರೆ ಲೆಕ್ಕವೇ ಬೇರೆ. ಮುಂದೆ 50 ಮತ್ತು 34. ಹಿಂದೆ 11ರಿಂದ 34. ಆದರೆ ಪೆಡಲು ಕೂರುವ ತೋಳು, ಈಗಿರುವ ಕ್ರ್ಯಾಂಕು, ಅದಕ್ಕೆ 34ರದ್ದು ಕೂರುವುದಿಲ್ಲ, ಬೋಲ್ಟಿನ ಸುತ್ತಳತೆ ದೊಡ್ಡದು. ಇಡೀ ಕ್ರ್ಯಾಂಕೇ ಬೇರೆ ಬೇಕು. ಹಿಂದೆ ಚೈನನ್ನು ಒಂದು ಚಕ್ರದಿಂದ ಇನ್ನೊಂದಕ್ಕೆ ತಳ್ಳುವ ಡಿರೇಲರಿನ ತೋಳು ಗಿಡ್ಡ ಇದೆ. ಅದು 34ನ್ನು ಎತ್ತಲಾರದು, ಉದ್ದ ತೋಳಿನದ್ದು ಹಾಕಬೇಕು. ಚೈನೂ ಉದ್ದದ್ದು. ಹೀಗೆ ಒಂದು ಹಲ್ಲು ಬದಲಿಸಲು ಹೋದರೆ ಪೂರಾ ಬಾಯಿ ಬದಲಾಗುತ್ತದೆ.

ಅಂತರ ಹೆಚ್ಚು ಅಂದವರು ಸುಳ್ಳು ಹೇಳಿಲ್ಲ. ಸಪಾಟಿನಲ್ಲಿ ಒಮ್ಮೊಮ್ಮೆ ಒಂದು ಗೇರು ಭಾರ, ಅದರ ಪಕ್ಕದ್ದು ಹಗುರ ಅನಿಸುತ್ತದೆ. ಆದರೆ ಸಪಾಟಿನಲ್ಲಿ ಯಾರೂ ಸೈಕಲ್ಲು ನೂಕಿಕೊಂಡು ಹೋಗುವುದಿಲ್ಲ. ನೂಕುವುದು ಏರಿನಲ್ಲಿ. ಅತಿ ಕೆಟ್ಟ ಜಾಗಕ್ಕೆ ಏನು ಬೇಕೋ ಅದನ್ನು ಮೊದಲು ಆರಿಸಬೇಕು.

ಸೀಟು ಇಳಿಸಬಹುದು, ತೊಂದರೆಯಿಲ್ಲ.

ಜಟ್ಟಪ್ಪ


ಕೋಡಿಬಾಗ
15 ಅಕ್ಟೋಬರ್ 2023

ಜಟ್ಟಪ್ಪಣ್ಣ,

ಅಮಿತ ನಿಮ್ಮನ್ನು ಹೀಗೇ ಕರೆಯುತ್ತಿದ್ದ. ನಾನೂ ಕರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಸೈಕಲ್ಲನ್ನು ಅವನಿಗೆ ಕೇಳಿ ತೆಗೆಯುವ ಹಾಗಿಲ್ಲ. ಹೋದ ವರ್ಷ ನವೆಂಬರ್ 20, ಭಾನುವಾರ, ಬೆಳಿಗ್ಗೆ ಕದ್ವಾಡದ ತನಕ ಹೋಗಿ ಬಂದ. ಜಗಲಿಯ ಮೇಲೆ ಕೂತು ಬೂಟು ಬಿಚ್ಚಿದ. ‘ಆಯೀ, ನೀರು ಕೊಡೆ’ ಅಂದ. ಆಯಿ ತಂಬಿಗೆ ತರುವಷ್ಟರಲ್ಲಿ ಮುಗಿದಿತ್ತು. ಹೃದಯದ ಸ್ನಾಯು ಹುಟ್ಟಿನಿಂದಲೇ ದಪ್ಪ ಇತ್ತಂತೆ. ಮರಣೋತ್ತರ ಪರೀಕ್ಷೆಯಲ್ಲಿ ಗೊತ್ತಾಯಿತು.

ನಿಮಗೆ ಸುಳ್ಳು ಬರೆದೆ. ಮೊದಲ ಕಾಗದ ಬರೆಯುವಾಗ, ಸತ್ತಿದ್ದಾನೆ ಎಂದು ಬರೆಯಲು ಪೆನ್ನು ಹೋಗಲಿಲ್ಲ, ಅಷ್ಟೇ. ಹೇಗೂ ಅಂಕೋಲೆಯ ಮೇಸ್ತ್ರಿ, ಅವರಿಗೆ ಗೊತ್ತಾಗಿ ಏನಾಗಬೇಕು ಅಂದುಕೊಂಡೆ. ಆಮೇಲೆ ನಿಮ್ಮ ಉತ್ತರ ಬಂತು. ಒಂದು ವರ್ಷದಿಂದ ಅವನ ಹೆಸರು ತೆಗೆದವರೆಲ್ಲ ‘ಪಾಪ’ ಅಂತಲೇ ಶುರು ಮಾಡುತ್ತಾರೆ. ನೀವು ಅವನನ್ನು ಸೋಮಾರಿ ಅಂದಿರಿ. ಖುದ್ದಾಗಿ ಕಳಿಸಿ, ಬಯ್ಯಬೇಕು ಅಂದಿರಿ. ನಾಲ್ಕು ದಿನ ಅವನು ಅರ್ಗಾಕ್ಕೆ ಕೆಲಸಕ್ಕೆ ಹೋಗಿದ್ದಾನೆ, ಸಂಜೆ ಬರುತ್ತಾನೆ ಅನ್ನುವ ಹಾಗಿತ್ತು ಮನೆ. ಆ ಆಸೆಗೆ ಎರಡನೇ ಸುಳ್ಳೂ ಬರೆದೆ.

ಮೊಣಕಾಲು ನನ್ನದೇ. ಎರಡು ವರ್ಷದ ಹಿಂದೆ ಕದ್ವಾಡದ ಗುಡ್ಡದಲ್ಲಿ ಅಳತೆ ಮಾಡುವಾಗ ಜಾರಿದೆ. ಅಂದಿನಿಂದ ನನಗೆ ಫೀಲ್ಡ್ ಇಲ್ಲ, ಮೇಜೇ ಗತಿ. ಟೈರು ನಿಂತಲ್ಲೇ ಹಾಳಾಗುತ್ತವೆ ಎಂದು ಈ ಏಪ್ರಿಲ್‌ನಲ್ಲಿ ಅವನ ಸೈಕಲ್ಲನ್ನು ಹೊರಗೆ ತೆಗೆದೆ. ನದಿ ದಂಡೆಯ ಸಪಾಟಿನಲ್ಲಿ ಚೆನ್ನಾಗಿ ಹೋಯಿತು. ಅರ್ಗಾದ ಏರಿನಲ್ಲಿ ಅರ್ಧಕ್ಕೇ ಇಳಿದು ನೂಕಿದೆ.

ಸೈಕಲ್ಲಿನ ಗೆಳೆಯರು ಬಂದು, ‘ಅಕ್ಕಾ, ಈ ಸಲ ಅಮಿತನ ಫೋಟೋದ ಬ್ಯಾನರ್ ಕಟ್ಕಂಡ್ ಅಣಶಿ ಹತ್ತೂದು ಅಂತ ಮಾಡಿದ್ವು’ ಅಂದರು. ಅವನನ್ನು ಬಟ್ಟೆಯ ಮೇಲೆ ಅಚ್ಚು ಹಾಕಿ ಗಾಳಿಗೆ ಬಡಿಯಲು ಬಿಡುವುದು ನನಗೆ ಬೇಡವಾಯಿತು. ‘ಬ್ಯಾನರ್ ಬ್ಯಾಡ, ನಾನೇ ಬತ್ತೆ’ ಅಂದುಬಿಟ್ಟೆ. ಹೇಳುವಾಗ ಮೊಣಕಾಲಿನ ನೆನಪಿರಲಿಲ್ಲ.

ಈಗ ನಿಮಗೆ ಎಲ್ಲ ಗೊತ್ತಾಯಿತು. ಇನ್ನೂ ಗೇರು ಹಾಕಿಕೊಡುತ್ತೀರಾ?

ರಂಜನಾ


ಕೋಡಿಬಾಗ
8 ನವೆಂಬರ್ 2023

ಜಟ್ಟಪ್ಪಣ್ಣ,

ಮೂರು ವಾರ ಕಾದೆ. ನಿಮಗೆ ಸಿಟ್ಟು ಬಂದಿರಬೇಕು. ಬರುವುದು ಸಹಜ. ಸತ್ತವನ ಹೆಸರಿನಲ್ಲಿ ನಿಮ್ಮಿಂದ ತಮಾಷೆಯ ಮಾತು ಬರೆಸಿಕೊಂಡೆ. ತಪ್ಪಾಯಿತು.

ಗೇರಿನ ಕೆಲಸಕ್ಕೆ ಬೇರೆ ಯಾರಾದರೂ ಇದ್ದರೆ ಹೆಸರು ತಿಳಿಸಿದರೂ ಸಾಕು.

ರಂಜನಾ


ಅಂಕೋಲಾ
22 ನವೆಂಬರ್ 2023

ರಂಜನಾ ಬಾಯಿ,

ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ. ನಿಮ್ಮ ಅಕ್ಟೋಬರಿನ ಕಾಗದ ಬಂದ ದಿನ ಅಂಗಡಿ ಮುಚ್ಚಿ ಮನೆಗೆ ಹೋದೆ. ಮೂರು ಸಲ ಉತ್ತರ ಬರೆಯಲು ಕೂತೆ. ಮೂರು ಸಲವೂ ಬರೆಯಬೇಕಾದ್ದು ಬಿಟ್ಟು ಬೇರೆಯೇ ಬರೆದೆ. ಹರಿದು ಹಾಕಿದೆ. ಮೊನ್ನೆ ನವೆಂಬರ್ 20 ದಾಟಿತು. ಇನ್ನು ತಡ ಮಾಡಿದರೆ ಬರೆಯಲಾರೆ.

ಇದರ ಜತೆ ಒಂದು ಹಾಳೆ ಇದೆ. ನನ್ನ ನೋಟುಪುಸ್ತಕದಿಂದ ಬಿಡಿಸಿದ್ದು. ಅಕ್ಷರ ನಿಮಗೆ ಗುರುತು ಸಿಗುತ್ತದೆ. ತಾರೀಕು 27 ಅಕ್ಟೋಬರ್, ಹೋದ ವರ್ಷ, ದೀಪಾವಳಿ ಮುಗಿದ ಮರುದಿನ. ಅಮಿತ ಅಂಗಡಿಗೆ ಬಂದು ಹೀಗೆ ಬರೆದ:

‘ಜಟ್ಟಪ್ಪಣ್ಣ, ಈಗೀಗ ಏರಿನಲ್ಲಿ ಉಸಿರು ಸಾಲುತ್ತಿಲ್ಲ. ಅರ್ಗಾ ಹತ್ತುವಾಗ ಎರಡು ಸಲ ಇಳಿದು ನಿಲ್ಲಬೇಕಾಗುತ್ತದೆ. ಹಗುರ ಗೇರು ಹಾಕಿಕೊಡ್ತೀರಾ?’

ಈ ಮಾತು ನಮ್ಮಿಬ್ಬರಲ್ಲಿ ಒಮ್ಮೆ ಬಂದು ಮುಗಿದಿದೆ ಎಂದು ನಾನು ಮೊದಲ ಕಾಗದದಲ್ಲಿ ಬರೆದದ್ದು ಇದನ್ನೇ. ನಾನು ಏನು ಹೇಳಿದೆ ಎಂಬುದು ಹಾಳೆಯಲ್ಲಿ ಇಲ್ಲ, ನಾನು ಬಾಯಲ್ಲಿ ಹೇಳುವವನಲ್ಲವೇ. ಆದರೆ ಒಂದೊಂದು ಶಬ್ದವೂ ನನಗೆ ನೆನಪಿದೆ. ‘ಎಂತದಾ ಅಮಿತಾ, ಇಷ್ಟ್ ಲಗೂ ಮುದ್ಕ ಆದ್ಯಾ? ಹಬ್ಬದ ಚಕ್ಲಿ ತಿಂದ್ ಹೊಟ್ಟೆ ಬಂದದೆ, ಅದ್ಕೇ ದಮ್ಮು. ಗೇರು ಬ್ಯಾಡ, ಏನೂ ಬ್ಯಾಡ. ದಿನಾ ಹೊಡಿ. ಹದಿನೈದ್ ದಿವ್ಸದಲ್ಲಿ ಎಲ್ಲಾ ಸಮಾ ಆಗ್ತದೆ.’ ಬೆನ್ನಿಗೆ ಒಂದು ಹೊಡೆದೆ ಕೂಡ. ಅವನು ನಕ್ಕ. ಕೆಳಗೆ ಬರೆದ, ಅದೂ ಹಾಳೆಯಲ್ಲಿದೆ: ‘ಹಾಗಾದ್ರೆ ಡಿಸೆಂಬರಿಗೆ ನೋಡುವಾ.’

ಡಾಕ್ಟರ ಹತ್ತಿರ ಹೋಗು ಅನ್ನಲಿಲ್ಲ. ಉಸಿರು ಯಾವಾಗಿನಿಂದ ಹೀಗೆ ಎಂದು ಕೇಳಲಿಲ್ಲ. ಇಷ್ಟು ವರ್ಷ ಜನರ ಕಾಲು ನೋಡಿ ಗೇರು ಹೇಳಿದವನು ನಾನು, ಗಟ್ಟಿ ಕಾಲಿನವನು ಒಂದು ದಿನ ಹಗುರ ಗೇರು ಕೇಳಿದರೆ ಅದು ಕಾಲಿನ ಮಾತಲ್ಲ ಎಂದು ನನಗಾದರೂ ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ಗೇರು ನಾನು ಹಾಕಿಕೊಡುತ್ತೇನೆ. ಈ ಕಾಗದ ಓದಿದ ಮೇಲೆ ನನ್ನ ಕೈಯ ಕೆಲಸ ನಿಮಗೆ ಬೇಡವಾದರೆ, ಕುಮಟಾದಲ್ಲಿ ಒಬ್ಬರು ಒಳ್ಳೆಯ ಮೇಸ್ತ್ರಿ ಇದ್ದಾರೆ. ವಿಳಾಸ ಹಿಂದುಗಡೆ ಬರೆದಿದ್ದೇನೆ.

ಜಟ್ಟಪ್ಪ


ಕೋಡಿಬಾಗ
14 ಡಿಸೆಂಬರ್ 2023

ಜಟ್ಟಪ್ಪಣ್ಣ,

ಹಾಳೆ ಸಿಕ್ಕಿತು. ಅವನ ‘ಡ’ ಯಾವತ್ತೂ ಹಾಗೇ, ಅಡ್ಡಬಿದ್ದ ಹಾಗೆ.

ಮೊದಲ ವಾರ ನಿಮ್ಮ ಮೇಲೆ ಸಿಟ್ಟಾಯಿತು. ಕುಮಟಾದ ವಿಳಾಸವನ್ನು ಬೇರೆ ಕಾಗದಕ್ಕೆ ಬರೆದು ಪರ್ಸಿನಲ್ಲಿ ಇಟ್ಟುಕೊಂಡೆ. ಆಯಿಗೆ ಏನೂ ಹೇಳಲಿಲ್ಲ, ಹೇಳುವುದೂ ಇಲ್ಲ. ನೀವು ಹೇಳಿದಂತೆ ಅವನು ದಿನಾ ಸೈಕಲ್ಲು ಹೊಡೆದನೇ ಎಂದು ನೀವು ಕೇಳಿಲ್ಲ. ನಾನೂ ಅದನ್ನು ಬರೆಯುವುದಿಲ್ಲ.

ಎರಡನೇ ವಾರ ಇನ್ನೊಂದು ನೆನಪಾಯಿತು. ನೆನಪಾಯಿತು ಅನ್ನುವುದೂ ಸುಳ್ಳು, ಇದ್ದೇ ಇತ್ತು. ಅದೇ ದೀಪಾವಳಿಯ ವಾರ. ನಮ್ಮ ಮನೆ ರಸ್ತೆಯಿಂದ ಎತ್ತರದಲ್ಲಿದೆ. ಒಂದು ಸಂಜೆ ಮೆಟ್ಟಿಲು ಹತ್ತಿ ಬಂದವನು ಬಾಗಿಲ ಚೌಕಟ್ಟು ಹಿಡಿದು ನಿಂತ. ‘ಅಕ್ಕಾ, ದಮ್ಮು ಹತ್ತದೆ’ ಅಂದ. ನಾನು ಮೀನು ಹೆಚ್ಚುತ್ತಿದ್ದೆ. ತಲೆ ಎತ್ತಲಿಲ್ಲ. ‘ಸರಿಯಾಗ್ ನಿದ್ದಿ ಮಾಡೂದಿಲ್ಲ, ಯಾವಾಗ್ ನೋಡಿದ್ರೂ ಮೊಬೈಲು. ದಮ್ಮು ಹತ್ತದೆ ಇರ್ತದ್ಯಾ?’ ಅಂದೆ. ಅವನು ಒಳಗೆ ಹೋದ.

ಇದನ್ನು ಯಾರಿಗೂ ಹೇಳಿರಲಿಲ್ಲ. ನಿಮಗೂ ಹೇಳುತ್ತಿರಲಿಲ್ಲ, ಆ ಹಾಳೆ ನೀವು ಕಳಿಸದೆ ಇದ್ದಿದ್ದರೆ. ಅದನ್ನು ಒಲೆಗೆ ಹಾಕಿ ಸುಮ್ಮನಿದ್ದರೆ ನನಗೆ ಗೊತ್ತಾಗುತ್ತಲೇ ಇರಲಿಲ್ಲ. ಹಾಗೆ ಮಾಡದೆ ಕಳಿಸಿದಿರಿ ನೀವು.

ಡಾಕ್ಟರು ಒಂದು ಮಾತು ಹೇಳಿದ್ದಾರೆ. ಹೊರಗಿನಿಂದ ನೋಡಿದವರಿಗೆ ಇದು ಗೊತ್ತಾಗುವ ಕಾಯಿಲೆಯಲ್ಲ ಅಂತ. ರಕ್ತಸಂಬಂಧದವರಿಗೂ ಇರಬಹುದು ಎಂದು ನನ್ನನ್ನೂ ಆಯಿಯನ್ನೂ ಪರೀಕ್ಷೆ ಮಾಡಿದರು. ನಮಗಿಬ್ಬರಿಗೂ ಇಲ್ಲ. ಘಾಟು ಹತ್ತಬಹುದು ಎಂದು ಬರೆದುಕೊಟ್ಟಿದ್ದಾರೆ. ಈ ಮಾತಿನಿಂದ ನಿಮಗೆ ಸಮಾಧಾನವಾಗಲಿ ಎಂದು ಬರೆಯುತ್ತಿದ್ದೇನೆ. ನನಗೆ ಪೂರ್ತಿ ಆಗಿಲ್ಲ.

ನಮ್ಮ ಆಫೀಸಿನ ಸಂದೀಪ ಈ ಶನಿವಾರ ಅವನ ಕಾರಿನ ಮೇಲೆ ಸೈಕಲ್ಲು ಕಟ್ಟಿಕೊಂಡು ನಿಮ್ಮಲ್ಲಿಗೆ ಬರುತ್ತಾನೆ. ನಾನೇ ಬರಬೇಕಿತ್ತು. ಇನ್ನೂ ಆಗುತ್ತಿಲ್ಲ. ಮುಂದೆ 34, ಹಿಂದೆ 34. ನೀವೇ ಹಾಕಿ.

ರಂಜನಾ


ಅಂಕೋಲಾ
28 ಡಿಸೆಂಬರ್ 2023

ತಂಗಿ ರಂಜನಾ,

ಸೈಕಲ್ಲು ಸಿದ್ಧವಾಗಿದೆ. ಸಂದೀಪನ ಕೈಲಿ ಈ ಕಾಗದವನ್ನೂ ಕೊಡುತ್ತಿದ್ದೇನೆ.

ಮುಂದೆ 50-34, ಹಿಂದೆ 11-34. ಡಿರೇಲರ್ ಉದ್ದ ತೋಳಿನದ್ದು. ಚೈನು ಅಳೆದು ಹಾಕಿದ್ದೇನೆ, ಮುಂದಿನ ದೊಡ್ಡದಕ್ಕೆ ಹಿಂದಿನ ದೊಡ್ಡದು ಬಿದ್ದರೂ ತುಂಡಾಗುವುದಿಲ್ಲ. ಆದರೆ ಹಾಗೆ ಹಾಕಬೇಡ. ಸೀಟು ನೀನು ಇಳಿಸಿದ್ದು ಜಾಸ್ತಿಯಾಗಿತ್ತು. ಒಂದು ಬೆರಳು ಏರಿಸಿದ್ದೇನೆ, ಮೊಣಕಾಲು ಅಷ್ಟು ಮಡಚಿದರೆ ಚಿಪ್ಪಿಗೇ ಭಾರ ಬೀಳುತ್ತದೆ. ಹೊಸ ಕ್ರ್ಯಾಂಕಿನ ತೋಳೂ ಚೂರು ಗಿಡ್ಡ, ಅದೂ ಮೊಣಕಾಲಿಗೆ ಒಳ್ಳೆಯದು.

ಏರು ಶುರುವಾಗುವ ಮೊದಲೇ ಗೇರು ಇಳಿಸು. ಏರಿನ ಮಧ್ಯೆ ಒತ್ತಿ ತುಳಿಯುತ್ತ ಗೇರು ಬದಲಿಸಿದರೆ ಚೈನು ಕಿರಿಚುತ್ತದೆ ಎಂದು ಜನ ಹೇಳುತ್ತಾರೆ. ನನಗೆ ಕೇಳುವುದಿಲ್ಲ, ಕೈಗೆ ಗೊತ್ತಾಗುತ್ತದೆ. ಮೂರನೇ ತಿರುವಿಗೆ 34-34ಕ್ಕೆ ಬಾ. ಮೊದಲೇ ಎಲ್ಲ ಖರ್ಚು ಮಾಡಿದೆನೋ, ಕೆಳಗೆ ಇನ್ನೊಂದಿಲ್ಲವಲ್ಲ ಎಂದು ಗಾಬರಿಯಾಗಬೇಡ. ಅದು ಇರುವುದೇ ಬಳಸಲಿಕ್ಕೆ. ನಿಮಿಷಕ್ಕೆ ಅರವತ್ತು ಸಲ ತುಳಿದರೆ ಗಂಟೆಗೆ ಏಳೂವರೆ ಕಿಲೋಮೀಟರು ಹೋಗುತ್ತೀ. ಐವತ್ತು ತುಳಿದರೂ ಸೈಕಲ್ಲು ಬೀಳುವುದಿಲ್ಲ.

ಅಮಿತನ ಹಳೆಯ ಕ್ರ್ಯಾಂಕು, ಹಲ್ಲು, ಡಿರೇಲರ್ ಎಲ್ಲ ತೊಳೆದು ಎಣ್ಣೆ ಹಚ್ಚಿ ಬಟ್ಟೆಯಲ್ಲಿ ಸುತ್ತಿ ಕಳಿಸಿದ್ದೇನೆ. ಮನೆಯಲ್ಲಿರಲಿ.

ಇನ್ನೊಂದು ಸಂಗತಿ. ಹೋದ ವಾರ ಕೇಣಿಯ ರೋಷನ ಬಂದಿದ್ದ, ಬಂಗುಡೆ ವ್ಯಾಪಾರದವನು, ನಲವತ್ತರ ಮೇಲಿನವನು. ಹಗುರ ಗೇರು ಬೇಕು ಎಂದು ಪುಸ್ತಕದಲ್ಲಿ ಬರೆದ. ನಾನು ಸ್ಪ್ಯಾನರ್ ಕೆಳಗಿಟ್ಟೆ. ಉಸಿರು ಹೇಗಿದೆ, ಎದೆ ಬಿಗಿಯುತ್ತದಾ, ಯಾವತ್ತಿನಿಂದ ಎಂದೆಲ್ಲ ಕೇಳಿದೆ. ಡಾಕ್ಟರ ಚೀಟಿ ತರದೆ ಕೈ ಹಚ್ಚುವುದಿಲ್ಲ ಅಂದೆ. ನಾಲ್ಕು ದಿನ ಬಿಟ್ಟು ಸಿಟ್ಟಿನಲ್ಲಿ ಬಂದ. ಎಲ್ಲ ಪರೀಕ್ಷೆ ಮಾಡಿದರಂತೆ, ಏನೂ ಇಲ್ಲವಂತೆ, ಬರೇ ಮೈ ಬಂದದ್ದಂತೆ. ಬಾಯಿ ಮಾಡುತ್ತ ಬಯ್ದ. ಏನು ಬಯ್ದ ಎಂದು ಕೇಳಲಿಲ್ಲ, ತುಟಿ ನೋಡಿದರೆ ಬಹಳ ಹೊತ್ತು ಬಯ್ದಿರಬೇಕು. ನನಗೆ ಖುಷಿಯಾಯಿತು. ಹಿಂದೆ 32 ಹಾಕಿ ಕಳಿಸಿದೆ.

ನಿನ್ನ ಅಣ್ಣ,
ಜಟ್ಟಪ್ಪ


ಕೋಡಿಬಾಗ
17 ಜನವರಿ 2024

ಜಟ್ಟಪ್ಪಣ್ಣ,

ಹತ್ತಿದೆ.

ಭಾನುವಾರ ಬೆಳಿಗ್ಗೆ ಐದೂವರೆಗೆ ಕೋಡಿಬಾಗದಿಂದ ಹನ್ನೊಂದು ಜನ ಹೊರಟೆವು. ಬ್ಯಾನರ್ ಇರಲಿಲ್ಲ. ನದಿಯ ಬದಿಯಲ್ಲಿ ಕದ್ರಾದವರೆಗೆ ಮಂಜು. ಕೈಬೆರಳು ಮರಗಟ್ಟಿತ್ತು. ನೀವು ಹೇಳಿದ್ದು ನಿಜ. ಸಪಾಟಿನಲ್ಲಿ ಒಂದು ಗೇರು ಭಾರ, ಅದರ ಪಕ್ಕದ್ದು ಹಗುರ. ಯಾವುದೂ ಸರಿಯಿಲ್ಲ ಎಂದು ಗೊಣಗುತ್ತಲೇ ಕದ್ರಾ ಮುಟ್ಟಿದೆ.

ಘಾಟು ಶುರುವಾಗುತ್ತಲೇ ಎಲ್ಲರೂ ಮುಂದೆ ಹೋದರು. ನನ್ನ ಜತೆ ಉಳಿದವರು ಮಾಬ್ಲೇಶ್ವರ ಮಾಸ್ತರು ಮಾತ್ರ, ರಿಟೈರ್ ಆಗಿ ಮೂರು ವರ್ಷವಾಯಿತು. ‘ನೀವ್ ಹೋಗಿ ಮಾಸ್ತರೇ’ ಅಂದೆ. ‘ಮ್ಯಾಲ್ ಹೋಗಿ ಎಂತಾ ಮಾಡೂದು, ಅಲ್ಲೂ ಚಾನೇ ಕುಡಿಯೂದು. ಸಾವಕಾಶ ಹೋಗ್ವಾ’ ಅಂದರು.

ಎರಡನೇ ತಿರುವು ದಾಟುತ್ತಲೇ 34-34ಕ್ಕೆ ಬಂದೆ. ಮೊಣಕಾಲು ಚುಚ್ಚುತ್ತದೆ, ಈಗ ಚುಚ್ಚುತ್ತದೆ ಎಂದು ಕಾಯುತ್ತಲೇ ತುಳಿದೆ. ಚುಚ್ಚಲಿಲ್ಲ. ಬೇಜಾರು ಬರುವಷ್ಟು ನಿಧಾನ. ರಸ್ತೆಬದಿಯ ಇರುವೆ ಸಾಲು ಕಾಣುತ್ತಿತ್ತು. ನಾಲ್ಕನೇ ತಿರುವಿನಲ್ಲಿ ಎದೆ ಜೋರಾಗಿ ಬಡಿಯಿತು. ಇಳಿದೆ. ಇನ್ನೂ ತುಳಿಯಬಹುದಿತ್ತು, ಆದರೂ ಇಳಿದೆ. ಮಾಸ್ತರೂ ಇಳಿದು ಮೋಟುಗೋಡೆಯ ಮೇಲೆ ಕೂತರು. ಇಬ್ಬರೂ ನೀರು ಕುಡಿದೆವು. ಹತ್ತು ನಿಮಿಷ. ಎದೆ ತನ್ನ ಪಾಡಿಗೆ ತಾನು ತಣ್ಣಗಾಯಿತು. ಹತ್ತಿ ಕೂತೆ. ಒಂಬತ್ತೂವರೆಯ ಏರು ನನ್ನ ನಕ್ಷೆಯಲ್ಲಿ ಒಂದು ಅಂಗುಲವಿದೆ. ಅಲ್ಲಿ ಅದು ಮುಗಿಯುವುದೇ ಇಲ್ಲ.

ಎಲ್ಲರಿಗಿಂತ ಐವತ್ತು ನಿಮಿಷ ತಡವಾಗಿ ಅಣಶಿ ಮುಟ್ಟಿದೆವು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಅವರಿಗೂ ಏನು ಮಾಡಬೇಕೋ ತಿಳಿಯಲಿಲ್ಲ. ಒಬ್ಬ ಹುಡುಗಿ ಜರುಗಿ ಬೆಂಚಿನ ಮೇಲೆ ಜಾಗ ಬಿಟ್ಟಳು. ಎರಡು ಪ್ಲೇಟು ಅವಲಕ್ಕಿ ತಿಂದೆ.

ಅಳು ಬರುತ್ತದೆ ಅಂದುಕೊಂಡಿದ್ದೆ. ಬರಲಿಲ್ಲ. ಆದದ್ದು ಬೇರೆ. ಇಳಿಯುವಾಗ ರಸ್ತೆ, ಬ್ರೇಕು, ತಿರುವು, ಇಷ್ಟರ ಮೇಲೆಯೇ ನನ್ನ ಗಮನ. ಕೆಳಗೆ ಕದ್ರಾಕ್ಕೆ ಬಂದು ಕಾಲು ಊರಿದಾಗ ಗೊತ್ತಾಯಿತು, ಅರ್ಧ ಗಂಟೆ ನಾನು ಅಮಿತನನ್ನು ಮರೆತಿದ್ದೆ. ಪೂರಾ ಮರೆತಿದ್ದೆ. ಒಂದು ಗಳಿಗೆ ಹೆದರಿಕೆಯಾಯಿತು. ಆಮೇಲೆ ಅವನಿಗೂ ಇಳಿಜಾರಿನಲ್ಲಿ ಹೀಗೇ ಆಗುತ್ತಿತ್ತೇನೋ, ಮನೆ, ಕೆಲಸ, ನಾನು, ಎಲ್ಲ ಮರೆಯುತ್ತಿತ್ತೇನೋ ಅನಿಸಿತು. ಅದಕ್ಕೇ ಹೋಗುತ್ತಿದ್ದನೋ ಏನೋ.

ಮನೆಗೆ ಬಂದಾಗ ಆಯಿ ಜಗಲಿಯಲ್ಲೇ ಕೂತಿದ್ದಳು. ಬೆಳಿಗ್ಗೆಯಿಂದ ಅಲ್ಲೇ ಇದ್ದಳಂತೆ. ‘ಬಂದ್ಯೆ?’ ಅಂದಳು. ‘ಬಂದೆ’ ಅಂದೆ. ಒಳಗೆ ಹೋಗಿ ಗಂಜಿ ಬಡಿಸಿದಳು.

ಮಂಗಳವಾರ ಸಾಹೇಬರ ಹತ್ತಿರ ಹೋಗಿ ನನ್ನನ್ನು ಮತ್ತೆ ಫೀಲ್ಡಿಗೆ ಹಾಕಿ ಎಂದು ಕೇಳಿದೆ. ನೋಡೋಣ ಅಂದಿದ್ದಾರೆ.

ಒಂದು ಭಾನುವಾರ ಅಂಕೋಲೆಗೆ ಬರುತ್ತೇನೆ. ಈಗ ಬರಬಲ್ಲೆ. ಪುಸ್ತಕದಲ್ಲಿ ಬರೆದೇ ಮಾತಾಡುತ್ತೇನೆ.

ನಿಮ್ಮ ತಂಗಿ,
ರಂಜನಾ


ಅಂಕೋಲಾ
23 ಜನವರಿ 2024

ತಂಗಿ ರಂಜನಾ,

ನಿನ್ನ ಕಾಗದವನ್ನು ಪ್ರೀತಿಗೂ ತೋರಿಸಿದೆ. ನಾಲ್ಕನೇ ತಿರುವಿನಲ್ಲಿ ಇಳಿದದ್ದನ್ನು ಎರಡು ಸಲ ಓದಿದೆ. ಒಳ್ಳೆಯ ಕೆಲಸ ಮಾಡಿದೆ.

ಫೆಬ್ರವರಿ ನಾಲ್ಕರ ಭಾನುವಾರ ಬಾ. ಅಂಗಡಿಯಲ್ಲಿ ಕೂರುವುದು ಬೇಡ. ಬೆಳಿಗ್ಗೆ ಬೇಲೇಕೇರಿಯ ಕಡೆ ಹೋಗಿ ಬರೋಣ, ಸೈಕಲ್ಲು ತಾ.

ನಾನು ಸೈಕಲ್ಲು ಹೊಡೆಯದೆ ಏಳು ವರ್ಷವಾಯಿತು. ವಯಸ್ಸಾಯಿತು ಎಂದು ಗಿರಾಕಿಗಳಿಗೆ ಹೇಳುತ್ತೇನೆ, ಅದು ಸುಳ್ಳು. ಕಿವಿ ಪೂರ್ತಿ ಕೇಳದಾದ ಆ ವರ್ಷ ಹಿಂದಿನಿಂದ ಬಂದ ಲಾರಿಯೊಂದು ಮೊಣಕೈಗೆ ತಾಗಿ ಹೋಯಿತು. ಅದು ಬಂದದ್ದೇ ನನಗೆ ಗೊತ್ತಾಗಲಿಲ್ಲ. ಮನೆಯಲ್ಲಿ ಯಾರಿಗೂ ಹೇಳಿಲ್ಲ. ಅಂದಿನಿಂದ ಬೇರೆಯವರ ಸೈಕಲ್ಲನ್ನು ಸ್ಟ್ಯಾಂಡಿನ ಮೇಲೆ ಎತ್ತಿಟ್ಟು ಪೆಡಲು ತಿರುಗಿಸಿ ನೋಡುವುದಷ್ಟೇ.

ನನ್ನ ಹಳೆಯ ಸೈಕಲ್ಲಿಗೆ ನಿನ್ನೆ ಹಗುರ ಗೇರು ಹಾಕಿಕೊಂಡೆ. ಅರವತ್ತೆರಡು ವರ್ಷ, ನಾಚಿಕೆ ಎಂತಕ್ಕೆ.

ನಿನ್ನ ಹ್ಯಾಂಡಲಿಗೆ ಒಂದು ಕನ್ನಡಿ ಕೂರಿಸಿಕೊಡುತ್ತೇನೆ. ನೀನು ಮುಂದೆ ಹೋಗು, ನಾನು ಹಿಂದೆ ಬರುತ್ತೇನೆ. ಕನ್ನಡಿಯಲ್ಲಿ ಗಾಡಿ ಕಂಡರೆ ಕೂಗಬೇಡ, ಎಡಗೈ ಎತ್ತು. ನಾನು ಬದಿಗೆ ಸರಿಯುತ್ತೇನೆ.

ಜಟ್ಟಪ್ಪ